ಹಳೆಯ ಚಿತ್ರಗಳೂ ಜನಜೀವನದ ಚರಿತ್ರೆಯೂ

೧

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಶಾಸನಗಳನ್ನೂ ಕಾವ್ಯಗಳನ್ನೂ ಕೈಫಿಯತ್ತುಗಳನ್ನೂ ವಿದೇಶೀಯರ ಪ್ರವಾಸಕಥನಗಳನ್ನೂ ಮುಖ್ಯವಾದ ಆಕರಗಳೆಂದು ಬಳಸಿಕೊಂಡಿದ್ದಾರೆ. ಚಿತ್ರಗಳಿಗೆ ಇವುಗಳ ಸಾಲಿನಲ್ಲಿ ಸ್ಥಾನ ದೊರೆತಿರುವುದು ಕಡಮೆ. ಗ್ರಂಥವು ಮುಗಿದ ಬಳಿಕ ಅದಕ್ಕೆ ಶೋಭೆ ಬರಲೆಂದು ಒಂದೆರಡು ಪಟಗಳನ್ನು ಸೇರಿಸುವುದು ವಾಡಿಕೆ. ಆ ಪಟವನ್ನು ಮಾಡಿದವರಾರು, ಮಾಡಿಸಿದವರಾರು, ಯಾವ ಸಾಧನದಿಂದ ಮಾಡಿದರು ಎಂದು ವಿಚಾರಿಸುವುದು ವಾಡಿಕೆಯಲ್ಲ. ಒಂದು ತಾಮ್ರಪಟವು ದೊರೆತರೆ ಅದರ ಲಿಪಿಯನ್ನು ನೋಡಿ, ತಿಥಿವಾರಗಳನ್ನು ಗಣಿಸಿ, ಅದು ಕೂಟಶಾಸನವಲ್ಲವೆಂದು ನಿಶ್ಚಯವಾದ ಮೇಲೆಯೇ ಅದರ ಮಾತನ್ನು ನಂಬುವ ವಿದ್ವಾಂಸರು ಕೂಡ, ಹಳೆಯದೊಂದು ಛಾಯಾಚಿತ್ರವನ್ನು ಕಂಡೊಡನೆ ‘ಆಗ ಹೀಗಿತ್ತು’ ಎಂದು ಒಪ್ಪಿಬಿಡುವುದುಂಟು. ಕಣ್ಣಿಗೆ ಕಾಣುವುದಕ್ಕೆ ಬೇರೆ ಪ್ರಮಾಣವೇಕೆ ಎಂಬುದು ಇದರ ಹಿಂದಿರುವ ಭಾವನೆ.

ಈ ಭಾವನೆಯು ಸರಿಯಲ್ಲವೆಂದೂ, ಚಿತ್ರವನ್ನು ಶಾಸನದಂತೆಯೇ ಪರೀಕ್ಷಿಸಿ ಓದಬೇಕೆಂದೂ, ಹಾಗೆ ಓದಿದರೆ ಬೇರೆ ಯಾವ ಆಕರದಿಂದಲೂ ತಿಳಿಯದ ಜನಜೀವನದ ಸಂಗತಿಗಳು ಅದರಿಂದ ತಿಳಿಯುವುವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ಕನ್ನಡ ನಾಡಿಗೆ ಸಂಬಂಧಪಟ್ಟ ಕೆಲವು ಚಿತ್ರಗಳನ್ನು ಕಾಲಾನುಕ್ರಮವಾಗಿ ಎತ್ತಿಕೊಂಡಿದೆ. ಪ್ರತಿಯೊಂದನ್ನು ಕುರಿತೂ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು. ಮೊದಲನೆಯದು, ಇದನ್ನು ಮಾಡಿಸಿದವರು ಯಾರು, ಯಾರು ನೋಡಲೆಂದು ಮಾಡಿಸಿದರು? ಎರಡನೆಯದು, ಮಾಡಿದವನ ಸಾಧನಕ್ಕೆ ಏನು ಸಾಧ್ಯವಾಗಿತ್ತು, ಏನು ಅಸಾಧ್ಯವಾಗಿತ್ತು? ಮೂರನೆಯದು, ಮಾಡಿದವನು ಉದ್ದೇಶಿಸದೆ ಇದ್ದರೂ ಚಿತ್ರದೊಳಕ್ಕೆ ಬಂದು ಸೇರಿದ್ದು ಯಾವುದು? ನಾಲ್ಕನೆಯದು, ಚಿತ್ರದಲ್ಲಿರುವವರ ಹೆಸರು ಉಳಿದಿದೆಯೆ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದೆಂಬುದು ಮುಂದೆ ವಿಶದವಾಗುವುದು.

೨

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ವಾಚಕರಿಗೆ ಪರಿಚಿತವಾದುದೇ. ಅದರ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦. ಒಂದು ನಾಯಿಯೂ ಒಂದು ಹಂದಿಯೂ ಹೋರಾಡುತ್ತಿರುವಂತೆ ಅದರಲ್ಲಿ ಕೆತ್ತಿದೆ. ಬರಹವು ಸವೆದುಹೋಗಿ ಈ ಶಿಲ್ಪ ಮಾತ್ರ ಉಳಿದಿದ್ದ ಪಕ್ಷದಲ್ಲಿ ನಾವು ಅದನ್ನು ‘ಬೇಟೆಯ ದೃಶ್ಯ’ ಎಂದು ಕರೆದು ಮುಂದಕ್ಕೆ ಸಾಗುತ್ತಿದ್ದೆವು.

ಆದರೆ ಅದೃಷ್ಟವಶದಿಂದ ಬರಹವು ಉಳಿದಿದೆ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದುದು ಅದರಿಂದ ತಿಳಿಯುತ್ತದೆ. ಆ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ಭಟನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆನ್ನಲು, ಅವನು ಹೊನ್ನನ್ನೂ ಕೇಳಲಿಲ್ಲ, ಊರನ್ನೂ ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದನು. ಆ ಕಾಳಿಯು ಬೆಟ್ಟವೊಂದರ ಬಳಿಯಲ್ಲಿ ದೊಡ್ಡ ಹಂದಿಯೊಡನೆ ಕಾದಿತು, ಎರಡೂ ಸತ್ತುವು. ಅದರ ನೆನಪಿಗಾಗಿ ಆತಕೂರಿನ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆಮಾಡದೆ ಉಂಡರೆ ಅವನಿಗೆ ಪಾಪವೆಂದೂ ಹೇಳಿದೆ.

ಈ ಒಂದು ಕಲ್ಲಿನಲ್ಲಿ ಹತ್ತನೆಯ ಶತಮಾನದ ಜೀವನದ ಎಷ್ಟು ಸಂಗತಿಗಳು ಅಡಗಿವೆ! ಬೇಟೆಯಲ್ಲಿ ಜನರಿಗಿದ್ದ ಆಸಕ್ತಿ, ಒಡೆಯನಿಗೂ ಆಳಿಗೂ ಇದ್ದ ಸಲಿಗೆ, ಪ್ರಾಣಿಯ ಶೌರ್ಯಕ್ಕೂ ವೀರಗಲ್ಲಿನ ಗೌರವ ಸಲ್ಲುತ್ತಿದ್ದುದು, ಇವೆಲ್ಲವೂ ತಿಳಿಯಬರುತ್ತವೆ. ಆದರೆ ಇವು ತಿಳಿದುದು ಚಿತ್ರದ ಬಳಿಯಲ್ಲಿ ಹೆಸರನ್ನೂ ಪ್ರಸಂಗವನ್ನೂ ಬರೆದಿಟ್ಟುದರಿಂದ. ಬರಹವಿಲ್ಲದ ಚಿತ್ರವು ಮೂಕ; ಚಿತ್ರವಿಲ್ಲದ ಬರಹಕ್ಕೆ ಆಕಾರವಿಲ್ಲ.

೩

ಇನ್ನು ಎಂಟು ಶತಮಾನಗಳನ್ನು ದಾಟಿ ಶ್ರೀರಂಗಪಟ್ಟಣಕ್ಕೆ ಬರೋಣ. ಅಲ್ಲಿಯ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದನು. ಅದರ ಪಶ್ಚಿಮದ ಗೋಡೆಯ ಮೇಲೆ, ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಸೈನ್ಯವು ಕರ್ನಲ್ ಬೇಲಿಯ ಪಡೆಯನ್ನು ಮುರಿದ ಯುದ್ಧವನ್ನು ಬರೆದಿದೆ. ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿದ್ದಾನೆ. ಮದ್ದಿನ ಬಂಡಿಯು ಸಿಡಿಯುತ್ತಿದೆ. ಕೆಂಪಂಗಿಯ ಸಿಪಾಯಿಗಳನ್ನು ಮೈಸೂರಿನ ಕುದುರೆಯ ದಂಡು ಸುತ್ತುಗಟ್ಟಿದೆ. ಇಂಗ್ಲಿಷರ ಮುಖಗಳಿಗೆ ಮೀಸೆಯಿಲ್ಲ, ಮೈಸೂರಿನವರಿಗೆ ಮೀಸೆಯುಂಟು. ಮೀಸೆಯನ್ನು ಗಂಡಸುತನದ ಗುರುತೆಂದು ಬಗೆದ ಜನರ ಕಣ್ಣಿಗೆ ಇದರ ಅರ್ಥವು ಒಡನೆಯೇ ಹೊಳೆಯುತ್ತಿದ್ದಿರಬೇಕು. ಯುದ್ಧವು ಹೇಗೆ ನಡೆಯಿತೆಂಬುದಕ್ಕಿಂತ, ಅದನ್ನು ಶ್ರೀರಂಗಪಟ್ಟಣದವರು ಹೇಗೆ ನೆನೆಯಲು ಬಯಸಿದರೆಂಬುದನ್ನು ಈ ಚಿತ್ರವು ಹೇಳುತ್ತದೆ. ಮೊದಲನೆಯ ಪ್ರಶ್ನೆಗೆ ಇದು ಒಳ್ಳೆಯ ನಿದರ್ಶನ.

ಆದರೆ ಇಲ್ಲಿ ಇನ್ನೊಂದು ತೊಡಕುಂಟು. ೧೭೯೯ರ ಮುತ್ತಿಗೆಗೆ ಮೊದಲು ಈ ಚಿತ್ರಗಳಿಗೆ ಸುಣ್ಣವನ್ನು ಬಳಿಸಿದ್ದರು. ಪಟ್ಟಣವು ಬಿದ್ದಮೇಲೆ ಈ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅವನ್ನು ಮತ್ತೆ ಸರಿಮಾಡಿಸಿದನು. ಪುನಃ ಅವು ಕೆಡಲು, ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ ೧೮೫೫ರಲ್ಲಿ ಮರಳಿ ಬರೆಯಿಸಲಾಯಿತು. ಕಾವ್ಯದ ಪ್ರತಿಗಳನ್ನು ಸಂಶೋಧಿಸುವವರಿಗೆ ಈ ಸ್ಥಿತಿಯು ಹೊಸದಲ್ಲ. ಮೂಲವಿಲ್ಲದೆ ಪ್ರತಿಯ ಪ್ರತಿಯು ದೊರೆತಾಗ, ಕಥಾಸಂವಿಧಾನವನ್ನು ಕವಿಯದೆಂದು ಒಪ್ಪಿದರೂ ಒಂದೊಂದು ಅಕ್ಷರವನ್ನೂ ಕವಿಯದೆಂದು ಸಾಧಿಸುವುದಿಲ್ಲವಷ್ಟೆ. ಅದರಂತೆಯೇ ಈ ಚಿತ್ರದ ಒಟ್ಟಿನ ರಚನೆಯನ್ನು ಟಿಪ್ಪುವಿನ ಕಾಲದ್ದೆಂದು ಇಟ್ಟುಕೊಂಡರೂ, ಒಬ್ಬ ಸಿಪಾಯಿಯ ಪೇಟದ ಸುತ್ತನ್ನೋ ಕುದುರೆಯ ಜೀನನ್ನೋ ತೋರಿಸಿ ‘೧೭೮೦ರಲ್ಲಿ ಹೀಗಿತ್ತು’ ಎಂದು ಸಾಧಿಸುವುದು ಕ್ಷೇಮವಲ್ಲ. ಸೋತವರನ್ನು ಹಾಸ್ಯಮಾಡಿದ ಚಿತ್ರವನ್ನು ಆ ಸೋತವರ ಕಡೆಯವರೇ ಮುಂದೆ ಗೆದ್ದು ಜೋಪಾನಮಾಡಿದರೆಂಬುದು ಮಾತ್ರ ಸ್ವತಃ ಒಂದು ಚರಿತ್ರೆ.

೪

೧೮೩೯ರಲ್ಲಿ ಫ್ರಾನ್ಸಿನ ದಾಗೇರನು ತನ್ನ ಛಾಯಾಗ್ರಹಣದ ವಿಧಾನವನ್ನು ಪ್ರಕಟಪಡಿಸಿದ ಮೇಲೆ ಈ ವಿದ್ಯೆಯು ಹಿಂದೂಸ್ಥಾನಕ್ಕೆ ಬೇಗನೆ ಬಂದಿತು. ಬೊಂಬಾಯಿಯಲ್ಲಿ ೧೮೫೪ರಲ್ಲಿಯೂ ಮದರಾಸಿನಲ್ಲಿ ೧೮೫೬ರಲ್ಲಿಯೂ ಛಾಯಾಗ್ರಾಹಕರ ಸಂಘಗಳು ಏರ್ಪಟ್ಟುವು. ಮದರಾಸಿನ ಸೈನ್ಯದಲ್ಲಿದ್ದ ಲಿನಿಯಸ್ ಟ್ರೈಪ್ ಎಂಬವನು ೧೮೫೪ರ ಡಿಸೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಲೂರು ಹಳೇಬೀಡುಗಳ ದೇವಾಲಯಗಳ ಚಿತ್ರಗಳನ್ನು ತೆಗೆದನು. ೧೮೫೬ರಲ್ಲಿ ಅದೇ ಸೈನ್ಯದ ಅಲೆಗ್ಸಾಂಡರ್ ಗ್ರೀನ್ಲಾ ಎಂಬವನು ಹಂಪೆಯ ಚಿತ್ರಗಳನ್ನು ದೊಡ್ಡ ಅಳತೆಯ ಮೇಣದ ಕಾಗದದ ಮೇಲೆ ತೆಗೆದನು. ಗ್ರೀನ್ಲಾನ ಮೂಲಪ್ರತಿಗಳು ಬಹುಕಾಲ ಅಜ್ಞಾತವಾಗಿದ್ದು ೧೯೮೦ರಲ್ಲಿ ಬೆಳಕಿಗೆ ಬಂದುವು. ೧೯೮೩ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಚಿತ್ರಕಾರರು ಗ್ರೀನ್ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದರು.

ಈ ಚಿತ್ರಗಳನ್ನು ನೋಡಿದವರಿಗೆಲ್ಲ ಮನಸ್ಸಿಗೆ ತಟ್ಟುವುದು ಅಲ್ಲಿಯ ನಿರ್ಜನತೆ. ಮಂಟಪಗಳು ಬಯಲಿನಲ್ಲಿ ನಿಂತಿವೆ, ಬೀದಿಗಳು ಬರಿದಾಗಿವೆ. ಹಂಪೆಯನ್ನು ಮನುಷ್ಯಸಂಚಾರವೇ ಇಲ್ಲದ ಹಾಳೂರೆಂದು ಭಾವಿಸುವ ರೂಢಿಗೆ ಇಂಥ ಚಿತ್ರಗಳು ಬಹಳ ಪುಷ್ಟಿಯನ್ನು ಕೊಟ್ಟಿವೆ. ಆದರೆ ಎರಡನೆಯ ಪ್ರಶ್ನೆಯನ್ನು ಇಲ್ಲಿ ಕೇಳಬೇಕು. ಆ ಕಾಲದ ಮೇಣದ ಕಾಗದವು ಬೆಳಕನ್ನು ಬಹಳ ನಿಧಾನವಾಗಿ ಹಿಡಿಯುತ್ತಿತ್ತು. ಒಂದೊಂದು ಚಿತ್ರಕ್ಕೆ ಹಲವು ನಿಮಿಷಗಳವರೆಗೆ ಮಸೂರವನ್ನು ತೆರೆದಿಡಬೇಕಾಗಿತ್ತು. ಅಷ್ಟು ಹೊತ್ತು ಅಲುಗದೆ ನಿಂತ ಕಲ್ಲು ಸ್ಪಷ್ಟವಾಗಿ ಮೂಡುವುದು. ಎದುರಿಗೆ ನಡೆದುಹೋದ ಮನುಷ್ಯನಾಗಲಿ, ಮೇಯುತ್ತ ಸಾಗಿದ ದನವಾಗಲಿ ಕಾಗದದ ಮೇಲೆ ನಿಲ್ಲುವುದಿಲ್ಲ. ಕಟ್ಟಡದ ಎತ್ತರವನ್ನು ತೋರಿಸಲೆಂದು ಯಾರನ್ನಾದರೂ ಕಂಬದ ಪಕ್ಕದಲ್ಲಿ ಅಲುಗದಂತೆ ನಿಲ್ಲಿಸಿದರೆ ಮಾತ್ರ ಮನುಷ್ಯಾಕೃತಿಗೆ ಅವಕಾಶ. ಮೇಲಾಗಿ ಇವರು ಹೋದುದು ಕಟ್ಟಡಗಳನ್ನು ನೋಡಲಿಕ್ಕೇ ಹೊರತು ಜನರನ್ನು ನೋಡಲಿಕ್ಕಲ್ಲ. ವಿರೂಪಾಕ್ಷನ ಗುಡಿಯಲ್ಲಿ ೧೮೫೬ರಲ್ಲಿಯೂ ಪೂಜೆ ನಡೆಯುತ್ತಿತ್ತು. ಪೂಜೆಯಿದ್ದಲ್ಲಿ ಅರ್ಚಕರೂ ಹೂವಿನವರೂ ಯಾತ್ರಿಕರೂ ಇರಲೇಬೇಕು. ಚಿತ್ರದಲ್ಲಿ ಜನರು ಕಾಣದಿರುವುದು ಸಾಧನದ ಗುಣವೇ ಹೊರತು ಊರಿನ ಗುಣವೆಂದು ತೀರ್ಮಾನಿಸಲಾಗದು.

ಹಾಗೆಂದು ಇವುಗಳ ಪ್ರಾಮಾಣ್ಯವು ಕಡಮೆಯಾಗುವುದಿಲ್ಲ. ಕಲ್ಲಿನ ವಿಷಯದಲ್ಲಿ ಇವು ಅತ್ಯುತ್ತಮ ಸಾಕ್ಷಿಗಳು. ವಿಠ್ಠಲನ ಗುಡಿಯ ಮುಂದಿರುವ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಇದ್ದುದು ಗ್ರೀನ್ಲಾನ ಚಿತ್ರದಲ್ಲಿ ನಿಚ್ಚಳವಾಗಿದೆ. ಆ ಶಿಖರವು ಅನಂತರ ಇಲ್ಲವಾಯಿತು. ೨೦೧೭ರಲ್ಲಿ ಹೊರಟ ೫೦ ರೂಪಾಯಿಯ ನೋಟಿನ ಮೇಲೆ ಮುದ್ರಿತವಾಗಿರುವುದು ಶಿಖರವಿಲ್ಲದ ರಥ. ಕೋಟ್ಯಂತರ ಜನರ ಕೈಯಲ್ಲಿ ಓಡಾಡುವ ಆ ಚಿತ್ರವನ್ನು ಕಂಡು ವಿಜಯನಗರದ ಶಿಲ್ಪಿಯು ಇಷ್ಟನ್ನೇ ಕಟ್ಟಿದನೆಂದು ಮಕ್ಕಳು ತಿಳಿದರೆ ತಪ್ಪೇನೂ ಅವರದಲ್ಲ. ಅವರಿಗೆ ೧೮೫೬ರ ಚಿತ್ರವನ್ನು ತೋರಿಸಬೇಕಾದುದು ಉಪಾಧ್ಯಾಯರ ಕರ್ತವ್ಯ.

೫

ಛಾಯಾಗ್ರಾಹಕರ ದೃಷ್ಟಿಯು ಕಟ್ಟಡಗಳಿಂದ ಜನರ ಕಡೆಗೆ ತಿರುಗಿದಾಗ ಏನಾಯಿತೆಂಬುದನ್ನು ಈಗ ನೋಡಬಹುದು. ೧೮೫೭ರ ದಂಗೆಯ ಬಳಿಕ ಆಳುವವರಿಗೆ ತಾವು ಆಳುತ್ತಿರುವ ಜನರನ್ನು ವಿಂಗಡಿಸಿ ತಿಳಿಯಬೇಕೆಂಬ ಆಸಕ್ತಿ ಬಲವಾಯಿತು. ಫೋರ್ಬ್ಸ್ ವಾಟ್ಸನ್ ಮತ್ತು ಕೇ ಎಂಬವರು ಸಂಪಾದಿಸಿ ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥದಲ್ಲಿ ೪೫೦ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಬಹುಪಾಲು ಚಿತ್ರಗಳ ಕೆಳಗಿರುವುದು ಜಾತಿಯ ಅಥವಾ ಬುಡಕಟ್ಟಿನ ಹೆಸರು, ಕುಳಿತಿರುವವನ ಹೆಸರಲ್ಲ. ಒಬ್ಬನನ್ನು ನೋಡಿ ಅವನ ಕುಲದವರೆಲ್ಲರೂ ಹೀಗೆಯೇ ಎಂದು ತಿಳಿಯಬೇಕೆಂಬುದು ಸಂಪಾದಕರ ಆಶಯ. ಉಡಿಗೆ, ತೊಡಿಗೆ, ಆಯುಧ, ವಾದ್ಯ ಮುಂತಾದುವನ್ನು ತಿಳಿಯಲು ಇವು ಉಪಯುಕ್ತವಾದರೂ, ಆ ಮನುಷ್ಯನು ದಿನವೂ ಅದನ್ನೇ ಉಡುತ್ತಿದ್ದನೆ, ಅಥವಾ ಚಿತ್ರಕ್ಕಾಗಿ ಉಡಿಸಿದರೆ ಎಂಬ ಸಂದೇಹವನ್ನು ಬಿಡುವಂತಿಲ್ಲ.

ಇದಕ್ಕಿಂತ ದಾರುಣವಾದ ನಿದರ್ಶನವು ೧೮೭೬-೭೮ರ ಕ್ಷಾಮದ್ದು. ಹಿರಿಯರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದುದು ೧೮೮೧ರ ಎಣಿಕೆಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಅನ್ನಕ್ಕಾಗಿ ಕಾದಿರುವ ಜನರ ಚಿತ್ರವೊಂದು ಲಂಡನ್ನಿನ ಸಚಿತ್ರ ಪತ್ರಿಕೆಯಾದ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ೧೮೭೭ರ ಅಕ್ಟೋಬರ್ ೨೦ರ ಸಂಚಿಕೆಯಲ್ಲಿ ಪ್ರಕಟವಾಯಿತು. ಛಾಯಾಚಿತ್ರವನ್ನು ಇದ್ದಂತೆಯೇ ಪತ್ರಿಕೆಯಲ್ಲಿ ಅಚ್ಚುಹಾಕುವ ಉಪಾಯವು ಆಗ ಬಳಕೆಗೆ ಬಂದಿರಲಿಲ್ಲ. ದೂರದ ಊರಿನಲ್ಲಿ ಕುಳಿತ ಕೆತ್ತನೆಗಾರನು ಮರದ ಅಚ್ಚಿನ ಮೇಲೆ ಅದನ್ನು ಕೆತ್ತಬೇಕಾಗಿತ್ತು. ಆದ್ದರಿಂದ ಇಂಥ ಪಟಗಳಲ್ಲಿ ಕಂಡವನ ಕಣ್ಣೂ ಕಾಣದವನ ಕೈಯೂ ಬೆರೆತಿರುವುದನ್ನು ಮರೆಯಬಾರದು.

ಅದೇ ಕ್ಷಾಮದಲ್ಲಿ ಮದರಾಸಿನ ಸೈನ್ಯದ ವಿಲ್ಲೋಬಿ ವಾಲೆಸ್ ಹೂಪರ್ ಎಂಬವನು ತೆಗೆದ ಛಾಯಾಚಿತ್ರಗಳು ಪ್ರಸಿದ್ಧವಾಗಿವೆ. ಎಲುಬಿನ ಗೂಡಾದ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ, ಮದುವೆಮನೆಯ ಗುಂಪುಚಿತ್ರಕ್ಕೆ ಕೂರಿಸಿದಂತೆ, ಕೆಲವರನ್ನು ಮುಂದೆ ಕುಳ್ಳಿರಿಸಿ ಕೆಲವರನ್ನು ಹಿಂದೆ ನಿಲ್ಲಿಸಿ ಅವನು ಚಿತ್ರ ತೆಗೆದಿದ್ದಾನೆ. ಸಾಯುತ್ತಿರುವವರನ್ನು ಹೀಗೆ ಅಣಿಗೊಳಿಸಿದುದಕ್ಕೆ ಅವನು ನಿಂದೆಗೂ ಗುರಿಯಾದನು. ಇವು ಸುಳ್ಳು ಚಿತ್ರಗಳಲ್ಲ. ಹಸಿವನ್ನು ಯಾರೂ ಅಭಿನಯಿಸಲಾರರು. ಕ್ಷಾಮದ ಭಯಂಕರತೆಯನ್ನು ವರದಿಗಳ ಅಂಕಿಗಳು ಹೇಳಲಾರದಷ್ಟು ಇವು ಹೇಳುತ್ತವೆ. ಆದರೆ ಆ ಜನರು ಯಾರು, ಯಾವ ಊರನ್ನು ಬಿಟ್ಟು ಬಂದವರು, ಅವರ ಕಸುಬೇನು, ಮುಂದೆ ಬದುಕಿದರೆ ಇಲ್ಲವೆ ಎಂದು ಬರೆದಿಡುವ ಅಗತ್ಯವು ಯಾರಿಗೂ ತೋರಲಿಲ್ಲ. ಕ್ರಿ. ಶ. ೯೫೦ರ ಸುಮಾರಿನ ಒಂದು ಬೇಟೆನಾಯಿಯ ಹೆಸರು ನಮಗೆ ಗೊತ್ತು. ೧೮೭೭ರಲ್ಲಿ ಮಸೂರದ ಮುಂದೆ ಕುಳಿತ ಈ ತಾಯಂದಿರಲ್ಲಿ ಒಬ್ಬಳ ಹೆಸರೂ ಆ ಚಿತ್ರಗಳೊಡನೆ ಉಳಿದುಬಂದಿಲ್ಲ.

೬

ಮೇಲೆ ಹೇಳಿದ ಚಿತ್ರಗಳೆಲ್ಲ ಅರಸರೂ ಅಧಿಕಾರಿಗಳೂ ಮಾಡಿಸಿದುವು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಚಿತ್ರವು ಸಾಮಾನ್ಯರ ಮನೆಯನ್ನು ಹೊಕ್ಕಿತು. ಇದಕ್ಕೆ ಎರಡು ದಾರಿಗಳಾದುವು: ಒಂದು ಅಚ್ಚಿನ ಪಟ, ಇನ್ನೊಂದು ಫೋಟೋ ಅಂಗಡಿ.

ರಾಜಾ ರವಿವರ್ಮನು (೧೮೪೮-೧೯೦೬) ೧೮೯೪ರಲ್ಲಿ ಬೊಂಬಾಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದನು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚನ್ನು ಸಿದ್ಧಮಾಡಿ, ಒಂದರ ಮೇಲೊಂದು ಒತ್ತಿ, ತೈಲಚಿತ್ರದ ಹೊಳಪನ್ನು ತರುತ್ತಿದ್ದರು. ಲಕ್ಷ್ಮೀ ಸರಸ್ವತಿಯರ ಪಟಗಳು ಇಲ್ಲಿಂದ ಹೊರಟು ದೇಶದ ಮೂಲೆಮೂಲೆಗೂ ಹರಡಿದುವು. ಅದುವರೆಗೆ ಅರಮನೆಗಳಲ್ಲಿಯೂ ಸಿರಿವಂತರಲ್ಲಿಯೂ ಮಾತ್ರ ಇದ್ದ ಬಣ್ಣದ ದೇವರ ಚಿತ್ರವು ಕೆಲವು ಕಾಸಿಗೆ ಎಲ್ಲರಿಗೂ ದೊರೆಯುವಂತಾಯಿತು. ದೇವಸ್ಥಾನದೊಳಕ್ಕೆ ಪ್ರವೇಶವಿಲ್ಲದೆ ಹೊರಗೆ ನಿಂತವರ ಮನೆಗೂ ದೇವರು ಬಂದನು. ಇದು ಅಲ್ಪವಾದ ಸಾಮಾಜಿಕ ಪರಿವರ್ತನೆಯಲ್ಲ.

ಈ ಪಟಗಳನ್ನು ನೋಡಿ ಪುರಾಣಕಾಲದ ಸ್ತ್ರೀಯರು ಹೀಗೆ ಸೀರೆಯುಡುತ್ತಿದ್ದರೆಂದು ಯಾರೂ ಹೇಳಲಾರರು. ಬಡೋದೆಯ ಅರಮನೆಗಾಗಿ ಪುರಾಣದ ಚಿತ್ರಗಳನ್ನು ಬರೆಯುವ ಮುನ್ನ ರವಿವರ್ಮನು ದೇಶಸಂಚಾರ ಮಾಡಿ ಉಡಿಗೆಗಳನ್ನು ಪರಿಶೀಲಿಸಿದನು. ಅವನ ದಮಯಂತಿ ಶಕುಂತಲೆಯರು ಉಟ್ಟಿರುವುದು ಅವನ ಕಾಲದ ಸೀರೆ. ಹಾಗಾಗಿ ಈ ಪಟಗಳು ಪುರಾಣಕ್ಕೆ ಸಾಕ್ಷಿಯಲ್ಲ. ೧೮೯೦ರ ಸುಮಾರಿನ ಅಭಿರುಚಿಗೆ ಸಾಕ್ಷಿ. ಆ ಅಭಿರುಚಿಯು ಪಟದಿಂದ ರಂಗಭೂಮಿಗೂ, ರಂಗಭೂಮಿಯಿಂದ ಚಲಚ್ಚಿತ್ರಕ್ಕೂ ಹರಿದುದನ್ನು ಹಳೆಯ ನಾಟಕದ ಕಂಪೆನಿಗಳ ಛಾಯಾಚಿತ್ರಗಳಲ್ಲಿ ಕಾಣಬಹುದು. ಗಂಡಸರೇ ಸ್ತ್ರೀವೇಷವನ್ನು ಧರಿಸುತ್ತಿದ್ದ ಕಾಲದ ನಟರು ನಿಂತಿರುವ ಭಂಗಿಯೂ ಸೆರಗಿನ ಬಾಗೂ ಅನೇಕ ವೇಳೆ ರವಿವರ್ಮನ ಪಟವನ್ನೇ ನೆನಪಿಗೆ ತರುತ್ತವೆ. ೧೯೩೪ರಲ್ಲಿ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ತೆರೆಕಂಡ ‘ಸತಿ ಸುಲೋಚನಾ’ ಕನ್ನಡದ ಮೊದಲನೆಯ ಮಾತಿನ ಚಿತ್ರ. ಅದರ ಸುರುಳಿಯು ಉಳಿದಿಲ್ಲ. ಸಾವಿರಾರು ಜನರು ನೋಡಿ ಸಂತೋಷಪಟ್ಟ ಆ ಕೃತಿಯನ್ನು ಇಂದು ತಿಳಿಯಬೇಕಾದರೆ ಕಾಗದದ ಮೇಲೆ ಉಳಿದ ಚೂರುಪಾರುಗಳೇ ಗತಿ.

ಅಚ್ಚಿನ ಪಟಗಳ ವಿಷಯದಲ್ಲಿ ಮೂರನೆಯ ಪ್ರಶ್ನೆಯು ಬಹಳ ಫಲಕೊಡುವುದು. ಮನೆಯ ಹೆಂಗಸರು ಪಟದ ದೇವಿಯ ಸೀರೆಗೆ ಜರಿಯನ್ನೂ ಚಮಕಿಯನ್ನೂ ಮಣಿಯನ್ನೂ ಹೊಲಿದು ಅಲಂಕರಿಸುತ್ತಿದ್ದರು. ಅಂಥ ಪಟಗಳು ಈಗಲೂ ಅಲ್ಲಲ್ಲಿ ದೊರೆಯುತ್ತವೆ. ಒಂದೇ ಅಚ್ಚಿನಿಂದ ಹೊರಟ ಪಟಗಳು ಸಾವಿರವಿದ್ದರೂ ಹೀಗೆ ಹೊಲಿದ ಮೇಲೆ ಪ್ರತಿಯೊಂದೂ ಬೇರೆಯೇ. ಲೇಖನಿಯನ್ನು ಹಿಡಿಯದ ಗೃಹಿಣಿಯ ಕೈಬರಹವೇ ಅದು. ಪಟದ ಮೂಲೆಯಲ್ಲಿರುವ ಕುಂಕುಮದ ಕಲೆ, ದೀಪದ ಹೊಗೆ, ಚೌಕಟ್ಟಿನ ಹಿಂದೆ ಅಂಟಿಸಿದ ಹಳೆಯ ಪತ್ರಿಕೆಯ ಹಾಳೆ, ಇವು ಚಿತ್ರಕಾರನು ಉದ್ದೇಶಿಸದೆ ಬಂದ ಸಾಕ್ಷಿಗಳು. ಪಟವನ್ನು ‘ಶುದ್ಧಿ’ಮಾಡಿ ಹೊಸ ಚೌಕಟ್ಟು ಹಾಕಿಸುವವರು ಇವನ್ನೇ ಮೊದಲು ಕಿತ್ತೊಗೆಯುತ್ತಾರೆ.

ಫೋಟೋ ಅಂಗಡಿಯ ಚಿತ್ರಗಳನ್ನು ಕುರಿತೂ ಹೀಗೆಯೇ ಹೇಳಬೇಕು. ಹಿಂದೆ ಬರೆದ ಪರದೆಯಲ್ಲಿ ಕಂಬಗಳೂ ಉಪವನವೂ. ಪಕ್ಕದ ಮೇಜಿನ ಮೇಲೆ ಹೂದಾನಿ, ದಪ್ಪನೆಯ ಪುಸ್ತಕ. ಇವು ಅಂಗಡಿಯವನ ಸೊತ್ತು. ಕುಳಿತವರ ಐಶ್ವರ್ಯವನ್ನಾಗಲಿ ವಿದ್ಯೆಯನ್ನಾಗಲಿ ಇವುಗಳಿಂದ ಊಹಿಸುವಂತಿಲ್ಲ. ಆದರೆ ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳಲು ಒಬ್ಬ ಹೆಂಗಸು ಒಪ್ಪಿದಳೆಂಬುದು ಗಮನಿಸತಕ್ಕ ಮಾತು. ಓದಿದವಳೆಂದು ತೋರಿಸಿಕೊಳ್ಳುವುದು ಮಾನವೆಂಬ ಕಾಲವು ಬಂದಿತ್ತು. ಪಂಚೆಯ ಮೇಲೆ ಕೋಟು, ತಲೆಗೆ ರುಮಾಲು, ಕಾಲಿಗೆ ಏನೂ ಇಲ್ಲ: ಈ ವೇಷದಲ್ಲಿ ಎರಡು ಕಾಲಗಳು ಒಂದೇ ಮೈಮೇಲೆ ನಿಂತಿವೆ. ಚಿತ್ರ ತೆಗೆಯಿಸಿಕೊಂಡರೆ ಆಯುಸ್ಸು ಕುಗ್ಗುವುದೆಂದು ಅಂಜಿದವರೂ ಇದ್ದರು. ಅನೇಕ ಮನೆಗಳಲ್ಲಿ ಹಿರಿಯ ಹೆಂಗಸರ ಚಿತ್ರಗಳು ಇಲ್ಲದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

೭

ಕೊನೆಯದಾಗಿ ಮೈಸೂರಿನ ಅರಮನೆಯ ಕಲ್ಯಾಣಮಂಟಪವನ್ನು ನೋಡೋಣ. ಹಳೆಯ ಅರಮನೆಯು ೧೮೯೭ರಲ್ಲಿ ಸುಟ್ಟುಹೋಗಿ ಹೊಸದು ೧೯೧೨ರಲ್ಲಿ ಮುಗಿಯಿತು. ಅದರ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಫಲಕಗಳಿವೆ. ಮೈಸೂರಿನ ಕಲಾವಿದರು ಮೆರವಣಿಗೆಯ ಛಾಯಾಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಇವನ್ನು ಬಣ್ಣದಲ್ಲಿ ಬರೆದರು. ಆನೆಗಳು, ಕುದುರೆಗಳು, ವಾದ್ಯದವರು, ದರ್ಬಾರಿನ ಉಡಿಗೆಯ ಅಧಿಕಾರಿಗಳು, ನೆರೆದ ಜನಸಂದಣಿ, ಎಲ್ಲವೂ ಅಲ್ಲಿವೆ. ಯಂತ್ರವು ಕಂಡುದನ್ನು ಕೈಯು ಮತ್ತೆ ಬರೆದುದರಿಂದ ಇಲ್ಲಿ ಎರಡು ಪ್ರಮಾಣಗಳು ಕೂಡಿವೆ. ಕಪ್ಪುಬಿಳುಪಿನ ಛಾಯಾಚಿತ್ರವು ಹೇಳಲಾರದ ಬಣ್ಣಗಳನ್ನು, ಆ ಮೆರವಣಿಗೆಯನ್ನು ವರ್ಷವರ್ಷವೂ ಕಂಡ ಊರಿನ ಕಲಾವಿದರು ಹೇಳಿದ್ದಾರೆ. ಅಲ್ಲಿಯ ಮುಖಗಳಲ್ಲಿ ಹಲವು ಅಂದಿನ ಅಧಿಕಾರಿಗಳ ಭಾವಚಿತ್ರಗಳೇ ಆಗಿವೆ. ಆದರೆ ಬೀದಿಯ ಅಂಚಿನಲ್ಲಿ ನಿಂತು ನೋಡಿದವರು ಇಲ್ಲಿಯೂ ಬರಿಯ ‘ಜನಸಂದಣಿ’ಯೇ.

ಇಷ್ಟರಿಂದ ತಾತ್ಪರ್ಯವು ಸ್ಪಷ್ಟ. ಚಿತ್ರದ ನಡುವೆ ಇರುವುದು ಮಾಡಿಸಿದವರ ಇಚ್ಛೆ. ಅದರ ಅಂಚಿನಲ್ಲಿಯೂ ಹಿಂಬದಿಯಲ್ಲಿಯೂ ಇರುವುದು ಜನರ ಬಾಳು. ಸಾಧನದ ಮಿತಿಯನ್ನು ತಿಳಿಯದೆ ಇಲ್ಲದುದನ್ನು ಇಲ್ಲವೆನ್ನಬಾರದು, ಅಣಿಗೊಳಿಸಿದುದನ್ನು ಸಹಜವೆನ್ನಬಾರದು. ಹೆಸರೂ ಊರೂ ವರ್ಷವೂ ತಿಳಿದಾಗಲೇ ಚಿತ್ರವು ಪೂರ್ಣಪ್ರಮಾಣವಾಗುವುದು.

ಸಾಹಿತ್ಯದ ಉಪಾಧ್ಯಾಯರು ಈ ಕೆಲಸದಲ್ಲಿ ಬಹಳ ನೆರವಾಗಬಲ್ಲರು. ಒಂದು ಕಾದಂಬರಿಯನ್ನೋ ನಾಟಕವನ್ನೋ ಪಾಠಹೇಳುವಾಗ ಆ ಕಾಲದ ಚಿತ್ರವನ್ನು ತೋರಿಸುವುದಾದರೆ, ಅದು ಯಾವ ವರ್ಷದ್ದು, ಎಲ್ಲಿಂದ ಬಂದುದು ಎಂಬುದನ್ನೂ ಹೇಳಬೇಕು. ಪುಸ್ತಕಗಳಲ್ಲಿ ಚಿತ್ರವನ್ನು ಮುದ್ರಿಸುವಾಗ ಅಂಚುಗಳನ್ನು ಕತ್ತರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ಹಿರಿಯರ ಮುಂದೆ ಇಟ್ಟು, ಇವರಾರು, ಯಾವ ಊರು, ಯಾವ ಸಮಾರಂಭ ಎಂದು ಕೇಳಿ, ಅದನ್ನು ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಬರೆದಿಡುವಂತೆ ಮಾಡಬೇಕು. ಹೇಳಿದವರ ಹೆಸರನ್ನೂ ದಿನವನ್ನೂ ಅದರೊಡನೆ ಸೇರಿಸಬೇಕು. ಶಾಯಿಯು ಕಾಗದವನ್ನು ತಿನ್ನುತ್ತದೆ. ಅಂಟು ಚಿತ್ರವನ್ನು ಕೆಡಿಸುತ್ತದೆ. ಇದಕ್ಕೆ ಹಣವಾಗಲಿ ಪಾಂಡಿತ್ಯವಾಗಲಿ ಬೇಕಿಲ್ಲ. ಆದರೆ ಕಾಲಾವಕಾಶವು ಹೆಚ್ಚಾಗಿಲ್ಲ. ಮುಖಗಳನ್ನು ಗುರುತಿಸಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರು ಹೋದ ಮೇಲೆ ಚಿತ್ರವು ಉಳಿಯಬಹುದು, ಅದರಲ್ಲಿರುವವರು ಉಳಿಯರು. ಆತಕೂರಿನ ಕಲ್ಲನ್ನು ನಿಲ್ಲಿಸಿದವರು ಒಂದು ನಾಯಿಗೆ ಮಾಡಿದಷ್ಟನ್ನಾದರೂ ನಾವು ನಮ್ಮ ಅಜ್ಜ ಅಜ್ಜಿಯರಿಗೆ ಮಾಡುವುದು ಯುಕ್ತ.